ನೀರಿನ ಟ್ಯಾಂಕಿನ ಲೆಕ್ಕ ಯಾರು ಕೇಳಬೇಕು?



ಸಂಘದಲ್ಲಿ ಹತ್ತು ರೂಪಾಯಿ ಹೆಚ್ಚುಕಮ್ಮಿಯಾದರೂ ಪುಸ್ತಕ ತೆಗೆಸಿ ನೋಡುತ್ತೇವೆ. ಆದರೆ ಊರಿನ ನೀರಿನ ಟ್ಯಾಂಕಿನ ಲೆಕ್ಕ? “ಅದು ಫಾರಿನ್ ದುಡ್ಡು, ಸರ್ಕಾರದ್ದು. ನಮಗ್ಯಾಕ ಬೇಕ್ರಿ?” ಎನ್ನುತ್ತೇವೆ. ನಲ್ಲಿ ಒಣಗಿದರೆ ಕೊಡ ಹೊರುವವರು ಮಾತ್ರ ನಾವೇ.

2001ರ ಕೊನೆಯಲ್ಲಿ ವಿಶ್ವಬ್ಯಾಂಕ್ ‘ಜಲನಿರ್ಮಲ’ ಯೋಜನೆಗೆ ನೆರವು ಮಂಜೂರು ಮಾಡಿತು. ನಮ್ಮ ರಾಯಚೂರು ಸೇರಿ 11 ಜಿಲ್ಲೆಗಳ ಹಳ್ಳಿಗಳಿಗೆ ಕುಡಿಯುವ ನೀರು, ನೈರ್ಮಲ್ಯ ಒದಗಿಸುವುದು ಅದರ ಗುರಿ. ನೆರವು ಎಂದರೂ ಅದು ದಾನವಲ್ಲ, ಸಾಲ. ಸರ್ಕಾರ ಅದನ್ನು ವರ್ಷಗಟ್ಟಲೆ ತೀರಿಸಬೇಕು. ಯಾವ ಹಣದಿಂದ? ಸೋಪು, ಬೆಂಕಿಪೊಟ್ಟಣ ಕೊಂಡಾಗ ನಾವು ಕೊಡುವ ತೆರಿಗೆಯಿಂದಲೂ. ಹಳ್ಳಿಯವರ ವಂತಿಗೆಯೂ ಆ ಯೋಜನೆಯಲ್ಲಿತ್ತು. ಸಾಲ ತೀರಿಸುವವರಿಗೆ ಲೆಕ್ಕ ಕೇಳುವ ಹಕ್ಕಿಲ್ಲವೇ?

ಕೇಳುವ ದಾರಿಗಳು:

1. ಗ್ರಾಮಸಭೆ: ಒಬ್ಬರೇ ಹೋಗಬೇಡಿ, ಸಂಘದವರೆಲ್ಲ ಹೋಗಿ. ಕೇಳಿದ ಪ್ರಶ್ನೆಯನ್ನು ನಡಾವಳಿಯಲ್ಲಿ ಬರೆಸಿ.

2. ಜಮಾಬಂದಿ: ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಗ್ರಾಮ ಪಂಚಾಯಿತಿಯ ಲೆಕ್ಕ, ಕಾಮಗಾರಿಗಳನ್ನು ಜನರ ಮುಂದೆ ಪರಿಶೀಲಿಸಬೇಕು. ದಿನಾಂಕ ಮೊದಲೇ ವಿಚಾರಿಸಿ.

3. ಮಾಹಿತಿ ಹಕ್ಕು ಕಾಯ್ದೆ, 2005: ಅರ್ಜಿ ಶುಲ್ಕ 10 ರೂಪಾಯಿ. ಬಿಪಿಎಲ್ ಕುಟುಂಬದವರಿಗೆ ಅದೂ ಇಲ್ಲ. 30 ದಿನದೊಳಗೆ ಉತ್ತರ ಕೊಡಬೇಕು. ಬಾರದಿದ್ದರೆ ಮೇಲ್ಮನವಿ ಸಲ್ಲಿಸಬಹುದು.

ಲೆಕ್ಕ ಕೇಳುವುದು ಜಗಳವಲ್ರೀ, ಜವಾಬ್ದಾರಿ.

ಸಭೆಯಲ್ಲಿ ಚರ್ಚಿಸಿ:

• ನಮ್ಮೂರಿನ ಟ್ಯಾಂಕು ಯಾವ ಯೋಜನೆಯದು? ಎಷ್ಟು ಖರ್ಚಾಗಿದೆ?

• ನೀರು ಯಾವ ಓಣಿಗೆ ಬರುತ್ತದೆ, ಯಾವ ಓಣಿಗೆ ಬರುವುದಿಲ್ಲ?

• ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಯಾರು ಕೇಳುತ್ತೀರಿ?