ರಕ್ತದ ಒತ್ತಡ: ಮಾತ್ರೆ ನಿಲ್ಲಿಸುವ ಮುನ್ನ

ನಾಲ್ಕು ವರ್ಷಗಳ ಹಿಂದೆ, ಕಾಫಿ ಕೊಯ್ಲಿನ ಸಮಯ. ಬಟವಾಡೆಗೆ ಕುಳಿತಿದ್ದೆ. ಹೆಸರು ಬರೆಯುತ್ತಿದ್ದಂತೆ ಬಲಗೈಯಿಂದ ಪೆನ್ನು ಜಾರಿತು. ಎತ್ತಿಕೊಳ್ಳಲು ಹೋದರೆ ಬೆರಳುಗಳು ಮಾತು ಕೇಳಲಿಲ್ಲ. ಅರ್ಧ ಗಂಟೆಯಲ್ಲಿ ಕೈ ಸರಿಹೋಯಿತು. ಆಸ್ಪತ್ರೆ ಬೇಡವೆಂದು ನಾನು, ಬೇಕೇ ಬೇಕೆಂದು ಮನೆಯವಳು. ಕೊನೆಗೆ ಆಕೆಯೇ ಗೆದ್ದಳು. ಮಿದುಳಿಗೆ ಹೋಗುವ ರಕ್ತ ಸ್ವಲ್ಪ ಹೊತ್ತು ತಡೆದಿತ್ತು ಎಂದರು ವೈದ್ಯರು. ಒತ್ತಡ ೧೮೬/೧೦೮ ಇತ್ತು.

"ಮಾತ್ರೆ ತಗೊಳ್ತಾ ಇದ್ದೀರಲ್ಲ?" ಎಂದು ಕೇಳಿದಾಗ ತಲೆ ತಗ್ಗಿಸಬೇಕಾಯಿತು. ಮೂರು ತಿಂಗಳು ನುಂಗಿ, ೧೩೦/೮೦ಕ್ಕೆ ಇಳಿದದ್ದನ್ನು ಕಂಡು, ಗುಣವಾಯಿತೆಂದು ನಾನೇ ನಿಲ್ಲಿಸಿದ್ದೆ. ಪದವೀಧರನ ಬುದ್ಧಿ!

"ಕೊಳೆಗೆ ಔಷಧಿ ಹೊಡೀತೀರಲ್ಲ ಸ್ವಾಮಿ, ಮೊದಲ ಸಲ ಹೊಡೆದ ಮೇಲೆ ಕಾಯಿ ಉದುರಲಿಲ್ಲ ಅಂತ ಎರಡನೆಯದನ್ನು ಬಿಡ್ತೀರಾ?" ಎಂದರು ಅವರು. ತೋಟದ ಮನೆಯಿಂದ ಬಂದವರೇ ಇರಬೇಕು.

ಸದಸ್ಯ ಬಂಧುಗಳಲ್ಲಿ ನನ್ನಂಥವರು ಅನೇಕರಿರುವುದರಿಂದ ಇದನ್ನು ಬರೆಯುತ್ತಿದ್ದೇನೆ. ಹೃದಯ ರಕ್ತವನ್ನು ತಳ್ಳುವಾಗ ನಾಳದಲ್ಲಿರುವ ಒತ್ತಡ ಮೇಲಿನ ಅಂಕಿ. ಹೃದಯ ಸಡಿಲಗೊಂಡಾಗಿನದು ಕೆಳಗಿನದು. ಬೇರೆ ಬೇರೆ ದಿನ ನೋಡಿದಾಗಲೂ ೧೪೦/೯೦ ಅಥವಾ ಹೆಚ್ಚು ಬಂದರೆ ಅದು ಅಧಿಕ ರಕ್ತದೊತ್ತಡ. ಸ್ಪ್ರಿಂಕ್ಲರ್ ಪೈಪಿನಲ್ಲಿ ಒತ್ತಡ ಮಿತಿಮೀರಿದರೂ ಜಾಯಿಂಟು ಕಿತ್ತುಹೋಗುವ ತನಕ ಹೊರಗೆ ಏನೂ ಕಾಣುವುದಿಲ್ಲ. ದೇಹದಲ್ಲೂ ಹಾಗೆಯೇ. ತಲೆನೋವು, ತಲೆಸುತ್ತು ಬಂದರೆ ಮಾತ್ರ ಬಿ.ಪಿ. ಎಂಬುದು ತಪ್ಪು. ಬಹುಪಾಲು ಮಂದಿಗೆ ಯಾವ ಸೂಚನೆಯೂ ಇರುವುದಿಲ್ಲ. ಒಳಗೆ ಮಿದುಳು, ಹೃದಯ, ಮೂತ್ರಪಿಂಡ, ಕಣ್ಣುಗಳ ನಾಳಗಳು ಹಾಳಾಗುತ್ತಿರುತ್ತವೆ. ಮಾತ್ರೆ ಒತ್ತಡವನ್ನು ಹಿಡಿದಿಡುತ್ತದೆ, ಬೇರುಸಹಿತ ಕೀಳುವುದಿಲ್ಲ. ನಿಲ್ಲಿಸಿದರೆ ಸಾಮಾನ್ಯವಾಗಿ ಮತ್ತೆ ಏರುತ್ತದೆ. ಕಾಲು ಊದಿಕೊಂಡರೆ, ಒಣಕೆಮ್ಮು ಬಂದರೆ ವೈದ್ಯರಿಗೆ ಹೇಳಿ, ಬೇರೆ ಮಾತ್ರೆಗಳಿವೆ. ಪಕ್ಕದ ಮನೆಯವರ ಮಾತ್ರೆ ಮಾತ್ರ ಬೇಡ.

ಇನ್ನು ಉಪ್ಪು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದಿನಕ್ಕೆ ೫ ಗ್ರಾಂಗಿಂತ ಕಡಿಮೆ ಇರಬೇಕು, ಅಂದರೆ ಎಲ್ಲಾ ಸೇರಿ ಒಂದು ಟೀ ಚಮಚದೊಳಗೆ. ನಮ್ಮ ಮಳೆಗಾಲದ ಊಟವೇ ಉಪ್ಪಿನ ಮೇಲೆ ನಿಂತಿದೆಯಲ್ಲ! ಮಿಡಿ ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸು, ಉಪ್ಪುಸೊಳೆ, ಕೆಲವರಿಗೆ ಒಣಮೀನು. ನಮ್ಮ ಮನೆಯಲ್ಲಿ ಭರಣಿಯನ್ನು ಊಟದ ಜಾಗದಿಂದ ಅಟ್ಟಕ್ಕೆ ಏರಿಸಿದ್ದೇವೆ, ಹಬ್ಬಕ್ಕೆ ಇಳಿಯುತ್ತದೆ. ಮೊದಲ ಹದಿನೈದು ದಿನ ಸಾರು ಸಪ್ಪೆ ಎನಿಸಿತು, ಆಮೇಲೆ ನಾಲಗೆ ಒಗ್ಗಿತು.

ಸೊಂಟನೋವಿಗೆಂದು ಅಂಗಡಿಯಿಂದ ತಾವೇ ತಂದು ನುಂಗುವ ನೋವಿನ ಗುಳಿಗೆಗಳಲ್ಲಿ ಹಲವು ಒತ್ತಡವನ್ನು ಏರಿಸುತ್ತವೆ. ಮದ್ಯ, ಹೊಗೆಸೊಪ್ಪಿನ ಬಗ್ಗೆ ಹೊಸದಾಗಿ ಹೇಳಬೇಕಿಲ್ಲ. ಅಡಿಕೆ ಬೆಳೆದವರು ಅದನ್ನು ಜಗಿಯಲೇಬೇಕೆಂದು ಯಾವ ಬೈಲಾದಲ್ಲೂ ಇಲ್ಲ.

ಬಾಯಿ ಸೊಟ್ಟಗಾದರೆ, ಒಂದು ಕೈ ಸೋತರೆ, ಮಾತು ತೊದಲಿದರೆ ಒಂದು ಕ್ಷಣವೂ ಕಾಯಬೇಡಿ. ಹೆಪ್ಪು ಕರಗಿಸುವ ಚುಚ್ಚುಮದ್ದು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಬೀಳಬೇಕು; ನಮ್ಮ ಘಟ್ಟದ ದಾರಿಯೇ ಅದರಲ್ಲಿ ಎರಡು ಗಂಟೆ ತಿನ್ನುತ್ತದೆ. ಸ್ಕ್ಯಾನಿಂಗ್ ಇರುವ ಆಸ್ಪತ್ರೆಗೇ ನೇರ ಹೋಗಿ. ನನ್ನ ಹಾಗೆ ತಾನಾಗಿ ಸರಿಹೋದರೂ ಹೋಗಿ.

ಸಂಘದ ಕಛೇರಿಯಲ್ಲಿ ತೋಳಿಗೆ ಕಟ್ಟಿ ನೋಡುವ ಯಂತ್ರವನ್ನು ಇಟ್ಟಿದ್ದೇವೆ. ಗೊಬ್ಬರಕ್ಕೆ ಬಂದವರು ನೋಡಿಸಿಕೊಳ್ಳಬಹುದು. ಆದರೆ ಮೂಟೆ ಎತ್ತಿ ಬಂದು ಕೂಡಲೇ ಕೈ ಚಾಚಬೇಡಿ. ಅರ್ಧ ಗಂಟೆ ಮೊದಲಿನಿಂದ ಕಾಫಿ, ಬೀಡಿ ಇಲ್ಲದೆ, ಐದು ನಿಮಿಷ ಬೆನ್ನು ಆನಿಸಿ ಸುಮ್ಮನೆ ಕುಳಿತುಕೊಳ್ಳಿ. ಅಡಿಕೆ ಧಾರಣೆಯ ಮಾತನ್ನು ಆ ಐದು ನಿಮಿಷ ಎತ್ತಬೇಡಿ.