ಅಭಿಮಾನಿಯ ಕುಂಚ

ಭಾವಚಿತ್ರ ಕಲೆಯು ಬಹುಕಾಲ ಅರಮನೆಗಳ ಆಶ್ರಯದಲ್ಲಿ ಬೆಳೆದ ಕಲೆ. ಅರಸರು, ಸೇನಾನಿಗಳು, ಧರ್ಮಗುರುಗಳು, ಸಿರಿವಂತರು ತಮ್ಮ ರೂಪವು ತಮ್ಮ ಕಾಲದ ಅನಂತರವೂ ಉಳಿಯಲೆಂದು ಚಿತ್ರಗಾರರನ್ನು ಕರೆಸಿಕೊಳ್ಳುತ್ತಿದ್ದರು. ಎದುರಿಗೆ ಕುಳಿತ ವ್ಯಕ್ತಿಯ ಮೇಲೆ ಚಿತ್ರಗಾರನಿಗೆ ಪ್ರೀತಿಯಿದೆಯೇ ಇಲ್ಲವೇ ಎಂದು ಯಾರೂ ಕೇಳುತ್ತಿರಲಿಲ್ಲ. ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಇಂಗ್ಲೆಂಡಿನ ಕಲಾವಿದರೊಬ್ಬರು ಈ ಪದ್ಧತಿಗೆ ಬೇರೊಂದು ತಿರುವು ಕೊಟ್ಟರು. ಯಾವ ಪ್ರಭುವೂ ಕರೆಯದಿದ್ದರೂ, ಜನಸಾಮಾನ್ಯರು ಮೆಚ್ಚಿದ ಹಾಡುಗಾರರ ಮುಖಗಳನ್ನೂ ಆ ಹಾಡುಗಾರರನ್ನು ಮೆಚ್ಚಿದ ಎಳೆಯರ ಮುಖಗಳನ್ನೂ ಅವರು ಶ್ರದ್ಧೆಯಿಂದ ಚಿತ್ರಿಸಿದರು. ಅವರೇ ಪೀಟರ್ ಬ್ಲೇಕ್.

ಬ್ಲೇಕ್ ಅವರು 1932ರಲ್ಲಿ ಕೆಂಟ್ ಪ್ರಾಂತದ ಡಾರ್ಟ್‌ಫರ್ಡ್ ಎಂಬ ಊರಿನಲ್ಲಿ ಜನಿಸಿದರು. ಅವರಿಗೆ ಏಳು ವರ್ಷ ತುಂಬಿದ ಕೆಲವೇ ತಿಂಗಳಲ್ಲಿ ಎರಡನೆಯ ಮಹಾಯುದ್ಧ ಆರಂಭವಾಯಿತು. ಬಾಂಬಿನ ದಾಳಿಗೆ ಅಂಜಿ ಮಕ್ಕಳನ್ನು ದೂರದ ಊರುಗಳಿಗೆ ಕಳುಹಿಸುತ್ತಿದ್ದ ಕಾಲವದು. ಬಾಲಕ ಬ್ಲೇಕ್ ಕೂಡ ಮನೆಯಿಂದ ದೂರದಲ್ಲಿ ಇರಬೇಕಾಯಿತು. ಯುದ್ಧ ಮುಗಿದ ಮೇಲೆ ಗ್ರೇವ್ಸೆಂಡ್ ಊರಿನಲ್ಲಿ ಕಲಾಭ್ಯಾಸಕ್ಕೆ ಸೇರಿದಾಗ ಹಳೆಯ ವಸ್ತುಗಳನ್ನು ಕೂಡಿಡುವ ಹವ್ಯಾಸ ಅವರಿಗೆ ಹತ್ತಿತು. ಇತರರು ಗುಜರಿಗೆ ಹಾಕಿದ ಆಟಿಕೆ, ಚಿತ್ರಪಟ, ಬಿಲ್ಲೆಗಳೆಲ್ಲ ಅವರ ಕಣ್ಣಿಗೆ ಸಂಪತ್ತಾಗಿ ತೋರುತ್ತಿದ್ದವು. 1953ರಿಂದ 1956ರವರೆಗೆ ಅವರು ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಅಭ್ಯಾಸ ಮಾಡಿದರು. ಅನಂತರ ವಿದ್ಯಾರ್ಥಿವೇತನವೊಂದನ್ನು ಪಡೆದು ಯೂರೋಪಿನ ಹಲವು ದೇಶಗಳಲ್ಲಿ ಸಂಚರಿಸಿದರು. ಆ ಪ್ರವಾಸದ ಉದ್ದೇಶ ಜನಪ್ರಿಯ ಕಲೆಯನ್ನು ಅಭ್ಯಸಿಸುವುದಾಗಿತ್ತು.

ಅದೇ ಕಾಲಕ್ಕೆ ಅಮೆರಿಕದಿಂದ ಒಂದು ಹೊಸ ಸಂಗೀತ ಇಂಗ್ಲೆಂಡಿನ ಯುವಜನರ ಮನಸ್ಸನ್ನು ಸೆರೆಹಿಡಿಯಿತು. ಅದೇ ರಾಕ್ ಆಂಡ್ ರೋಲ್. ಕರಿಯರ ಬ್ಲೂಸ್ ಹಾಡುಗಳು ಮತ್ತು ಬಿಳಿಯರ ಗ್ರಾಮೀಣ ಹಾಡುಗಳು ಕೂಡಿ ಹುಟ್ಟಿದ ಈ ಸಂಗೀತದಲ್ಲಿ ಗಿಟಾರಿನ ಝೇಂಕಾರವೂ ಮದ್ದಳೆಗಳ ಬಿರುಸಿನ ಲಯವೂ ಮುಖ್ಯವಾಗಿದ್ದವು. ಚಕ್ ಬೆರಿ, ಲಿಟಲ್ ರಿಚರ್ಡ್, ಎಲ್ವಿಸ್ ಪ್ರೀಸ್ಲಿ ಮೊದಲಾದವರು ಮನೆಮಾತಾದರು. ಯುದ್ಧದ ದೆಸೆಯಿಂದ ಬಂದ ಆಹಾರದ ಪಡಿತರವು ಇಂಗ್ಲೆಂಡಿನಲ್ಲಿ ಪೂರ್ಣವಾಗಿ ಕೊನೆಗೊಂಡದ್ದು 1954ರಲ್ಲಿ. ಅಂತಹ ಬಿಗಿಯ ದಿನಗಳಲ್ಲಿ ಬೆಳೆದ ತರುಣರಿಗೆ ಈ ಹಾಡುಗಳು ಬಿಡುಗಡೆಯ ಕರೆಯಂತೆ ಕೇಳಿಸಿದುದು ಸಹಜವೇ ಆಗಿದೆ. ಅವರು ಧ್ವನಿಮುದ್ರಿಕೆಗಳನ್ನು ಕೊಂಡರು. ಗಾಯಕರ ಚಿತ್ರಗಳನ್ನು ಪತ್ರಿಕೆಗಳಿಂದ ಕತ್ತರಿಸಿ ಕೋಣೆಯ ಗೋಡೆಗೆ ಅಂಟಿಸಿದರು. ಹಿರಿಯರಲ್ಲಿ ಅನೇಕರು ಇದನ್ನು ಹುಚ್ಚಾಟವೆಂದು ಕರೆದರು. ಗಂಭೀರವಾದ ಕಲೆಗೆ ಇದು ತಕ್ಕ ವಸ್ತುವಲ್ಲವೆಂಬ ಭಾವನೆಯೂ ಪ್ರಬಲವಾಗಿತ್ತು.

ಬ್ಲೇಕ್ ಅವರಿಗೆ ಮಾತ್ರ ಆ ಗೋಡೆಗಳಲ್ಲಿಯೇ ಚಿತ್ರಕ್ಕೆ ವಸ್ತು ದೊರೆಯಿತು. 1961ರಲ್ಲಿ ಅವರು ತಮ್ಮದೇ ಭಾವಚಿತ್ರವೊಂದನ್ನು ತೈಲವರ್ಣದಲ್ಲಿ ರಚಿಸಿದರು. ಸುಮಾರು 174 ಸೆಂಟಿಮೀಟರ್ ಎತ್ತರದ ಆ ಚಿತ್ರದಲ್ಲಿ ತರುಣ ಕಲಾವಿದ ಉದ್ಯಾನವೊಂದರಲ್ಲಿ ನಿಂತಿದ್ದಾನೆ. ಹಿಂದೆ ಮರದ ಬೇಲಿ. ಮೈಮೇಲೆ ಒರಟಾದ ನೀಲಿ ಡೆನಿಮ್ ಬಟ್ಟೆ. ಅಂಗಿಯ ತುಂಬ ಬಗೆಬಗೆಯ ಬಿಲ್ಲೆಗಳು. ಕೈಯಲ್ಲಿ ಎಲ್ವಿಸ್ ಪ್ರೀಸ್ಲಿಯ ಚಿತ್ರವಿರುವ ಒಂದು ಪತ್ರಿಕೆ. ಹದಿನೆಂಟನೆಯ ಶತಮಾನದಲ್ಲಿ ಗೇನ್ಸ್‌ಬರೊ ಎಂಬ ಆಂಗ್ಲ ಚಿತ್ರಗಾರ ನೀಲಿ ರೇಷ್ಮೆಯುಡುಪಿನ ಹುಡುಗನೊಬ್ಬನನ್ನು ಚಿತ್ರಿಸಿದ್ದನು. ಕಲಾರಸಿಕರು ಈ ಎರಡು ಚಿತ್ರಗಳನ್ನು ಜೊತೆಯಲ್ಲಿ ನೆನೆಯುವುದುಂಟು. ಅಲ್ಲಿ ರೇಷ್ಮೆ, ಇಲ್ಲಿ ದುಡಿಯುವವರು ತೊಡುತ್ತಿದ್ದ ಬಟ್ಟೆ. ನಿಲುವಿನ ಘನತೆ ಮಾತ್ರ ಎರಡರಲ್ಲಿಯೂ ಒಂದೇ. ಪದಕಗಳನ್ನು ಧರಿಸಿದ ಸೇನಾನಿಯಂತೆ ಬಿಲ್ಲೆಗಳನ್ನು ಧರಿಸಿದ ಈ ಅಭಿಮಾನಿಯೂ ಚಿತ್ರಕ್ಕೆ ಅರ್ಹನೆಂದು ಬ್ಲೇಕ್ ಅವರ ಕುಂಚ ಸಾರಿತು. ಇಂದು ಈ ಕೃತಿಯು ಲಂಡನ್ನಿನ ಪ್ರಸಿದ್ಧ ಟೇಟ್ ಸಂಗ್ರಹದಲ್ಲಿದೆ.

ಅದೇ ಸುಮಾರಿಗೆ ರಚಿತವಾದ ‘ಗಾಟ್ ಎ ಗರ್ಲ್’ ಎಂಬ ಕೃತಿಯಲ್ಲಿ ಅಂದಿನ ಜನಪ್ರಿಯ ಗಾಯಕರ ಚಿತ್ರಗಳು ಮೇಲ್ಭಾಗದಲ್ಲಿ ಸಾಲಾಗಿವೆ. ಪಕ್ಕದಲ್ಲಿ ನಿಜವಾದ ಧ್ವನಿಮುದ್ರಿಕೆಯೊಂದನ್ನೇ ಅಂಟಿಸಲಾಗಿದೆ. ಆ ಮುದ್ರಿಕೆಯಲ್ಲಿನ ಹಾಡಿನ ವಸ್ತು ವಿನೋದಕರವಾದುದು: ತಾನೊಲಿದ ಹುಡುಗಿಯ ಮನಸ್ಸೆಲ್ಲ ಗಾಯಕರ ಮೇಲೆಯೇ ಇದೆಯೆಂದು ಯುವಕನೊಬ್ಬ ಅಲ್ಲಿ ಗೋಳಾಡುತ್ತಾನೆ. ಗಾಯಕರ ಮುಖಗಳಿಗಿಂತ ಅವರನ್ನು ಕುರಿತ ಹಂಬಲವೇ ಬ್ಲೇಕ್ ಅವರ ನಿಜವಾದ ವಸ್ತುವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಬ್ಲೇಕ್ ಅವರು ಅವಸರದ ಕಲಾವಿದರಲ್ಲ. ಒಂದೊಂದು ಚಿತ್ರವನ್ನು ವರ್ಷಗಟ್ಟಲೆ ತಿದ್ದುವುದು, ತೃಪ್ತಿಯಾಗದಿದ್ದರೆ ಅರ್ಧಕ್ಕೇ ಬಿಡುವುದು ಅವರ ರೂಢಿ. ಲಿವರ್‌ಪೂಲ್ ನಗರದ ನಾಲ್ವರು ತರುಣರ ‘ಬೀಟಲ್ಸ್’ ಗಾಯಕವೃಂದವನ್ನು ಕುರಿತ ಅವರ ಚಿತ್ರವು ಇದಕ್ಕೆ ಉತ್ತಮ ನಿದರ್ಶನ. ‘ದಿ ಬೀಟಲ್ಸ್, 1962’ ಎಂಬುದು ಅದರ ಹೆಸರು. 1963ರಲ್ಲಿ ತೊಡಗಿದ ಕೆಲಸ ಮುಗಿದದ್ದು 1968ರಲ್ಲಿ. ಈ ನಡುವೆ ಆ ತರುಣರು ಜಗತ್ಪ್ರಸಿದ್ಧರಾದರು. ಅವರ ಉಡುಪು, ಕೇಶಾಲಂಕಾರ, ಸಂಗೀತ ಎಲ್ಲವೂ ಬದಲಾದವು. 1968ರಲ್ಲಿ ಧ್ಯಾನವನ್ನು ಕಲಿಯಲೆಂದು ಅವರು ನಮ್ಮ ದೇಶದ ಹೃಷಿಕೇಶಕ್ಕೂ ಬಂದು ಹೋದರು. ಆದರೆ ಬ್ಲೇಕ್ ಅವರ ಹಲಗೆಯ ಮೇಲೆ ಅವರು 1962ರ ನಗುಮೊಗದ ಹುಡುಗರಾಗಿಯೇ ಉಳಿದರು. ಅಭಿಮಾನಿಗಳ ಪತ್ರಿಕೆಗಳಲ್ಲಿರುವಂತೆ, ಪ್ರತಿಯೊಂದು ಮುಖಕ್ಕೂ ಹಸ್ತಾಕ್ಷರಕ್ಕಾಗಿ ಬಿಳಿಯ ಜಾಗವೊಂದನ್ನು ಚಿತ್ರದಲ್ಲಿ ಬಿಡಲಾಗಿದೆ. ಮೆಚ್ಚಿದ ಗಾಯಕನ ಸಹಿಗಾಗಿ ಕಾಯುವ ಅಸಂಖ್ಯಾತ ಎಳೆಯರ ನಿರೀಕ್ಷೆ ಆ ಬಿಳಿಯ ಜಾಗಗಳಲ್ಲಿ ಅಡಗಿದೆ.

ಚಿತ್ರವಿನ್ನೂ ಮುಗಿಯದಿರುವಾಗಲೇ ಆ ಗಾಯಕರು ಬ್ಲೇಕ್ ಅವರನ್ನು ಅರಸಿ ಬಂದರು. 1967ರಲ್ಲಿ ‘ಸಾರ್ಜೆಂಟ್ ಪೆಪ್ಪರ್ಸ್ ಲೋನ್ಲಿ ಹಾರ್ಟ್ಸ್ ಕ್ಲಬ್ ಬ್ಯಾಂಡ್’ ಎಂಬ ಧ್ವನಿಮುದ್ರಿಕೆಯ ಹೊದಿಕೆಯನ್ನು ರೂಪಿಸುವ ಹೊಣೆ ಅವರಿಗೂ ಅವರ ಅಂದಿನ ಪತ್ನಿ, ಕಲಾವಿದೆ ಜ್ಯಾನ್ ಹಾವರ್ತ್ ಅವರಿಗೂ ಬಂದಿತು. ತಾವು ಮೆಚ್ಚಿದವರ ಹೆಸರುಗಳನ್ನು ಗಾಯಕರೂ ಕಲಾವಿದರೂ ಪಟ್ಟಿ ಮಾಡಿದರು. ಲೇಖಕರು, ನಟರು, ವಿಜ್ಞಾನಿಗಳು, ಕ್ರೀಡಾಪಟುಗಳು ಮೊದಲಾದವರ ಭಾವಚಿತ್ರಗಳನ್ನು ಆಳೆತ್ತರಕ್ಕೆ ಹಿಗ್ಗಿಸಿ, ಬಣ್ಣ ಹಚ್ಚಿ, ಹಲಗೆಗಳಿಗೆ ಅಂಟಿಸಿ, ಮೇಣದ ಪ್ರತಿಮೆಗಳೊಡನೆ ಗುಂಪಾಗಿ ನಿಲ್ಲಿಸಲಾಯಿತು. ಜಾರ್ಜ್ ಹ್ಯಾರಿಸನ್ ಸೂಚಿಸಿದ ಪರಮಹಂಸ ಯೋಗಾನಂದ ಮೊದಲಾದ ಭಾರತದ ಯೋಗಿಗಳೂ ಅಲ್ಲಿದ್ದಾರೆ. ಗಾಂಧೀಜಿಯವರ ಚಿತ್ರವೂ ಸಿದ್ಧವಾಗಿತ್ತು. ಆದರೆ ಭಾರತೀಯರ ಮನಸ್ಸು ನೊಂದೀತೆಂದು ಧ್ವನಿಮುದ್ರಿಕೆ ಸಂಸ್ಥೆಯ ಮುಖ್ಯಸ್ಥರು ಅಂಜಿದ್ದರಿಂದ ಅದನ್ನು ಕೈಬಿಡಲಾಯಿತು. ನಾಲ್ವರು ಗಾಯಕರು ಆ ಗುಂಪಿನ ಮುಂದೆ ನಿಂತರು. ಲಕ್ಷಾಂತರ ಜನರ ಆರಾಧನೆಗೆ ಪಾತ್ರರಾದ ಅವರೂ ಒಂದು ದೃಷ್ಟಿಯಲ್ಲಿ ಅಭಿಮಾನಿಗಳೇ ಎಂಬುದು ಆ ಹೊದಿಕೆಯಿಂದ ಲೋಕಕ್ಕೆ ತಿಳಿಯಿತು.

ಬ್ಲೇಕ್ ಅವರಿಗೆ 2002ರಲ್ಲಿ ‘ಸರ್’ ಪದವಿ ದೊರೆಯಿತು. ಒಂದು ಕಾಲಕ್ಕೆ ಹುಚ್ಚಾಟವೆನಿಸಿದ್ದ ಅಭಿಮಾನವನ್ನು ವಸ್ತುವಾಗಿ ಆರಿಸಿಕೊಂಡ ಅವರ ಚಿತ್ರಗಳನ್ನು ಇಂದು ಕಲಾಶಾಲೆಗಳು ಜತನದಿಂದ ಕಾಪಾಡುತ್ತಿವೆ. ಮೆಚ್ಚುವುದು ಸುಲಭ, ಮೆಚ್ಚಿಕೆಯನ್ನು ಬಾಳುವ ಕೃತಿಯನ್ನಾಗಿ ಮಾಡುವುದು ಸುಲಭವಲ್ಲ. ಹಾಡು ಮುಗಿದೊಡನೆ ಅಭಿಮಾನಿಯ ಉತ್ಸಾಹ ತಣ್ಣಗಾಗಬಹುದು. ಬ್ಲೇಕ್ ಅವರಾದರೋ ಒಂದು ವರ್ಷದ ನಗುವಿಗಾಗಿ ಐದು ವರ್ಷ ದುಡಿದರು. ತಾನು ಪ್ರೀತಿಸಿದುದನ್ನು ಹೇಳಿಕೊಳ್ಳಲು ನಾಚದಿರುವುದು, ಹಾಗೆ ಹೇಳುವಾಗ ಶ್ರಮಕ್ಕೆ ಹಿಂಜರಿಯದಿರುವುದು - ಈ ಎರಡೂ ಗುಣಗಳು ಅವರ ಚಿತ್ರಗಳಲ್ಲಿ ಕೂಡಿವೆ.