ಸೌದೆ ಕೋಣೆಯ ಚಿಲಕ

ಪುಟ್ಟಿ,

ಮೊನ್ನೆ ಫೋನಿನಲ್ಲಿ, ಭಾನುವಾರ ಹುಡುಗನ ಕಡೆಯವರು ನಿನ್ನನ್ನು ನೋಡಲು ಬರುವ ವಿಷಯ ಹೇಳುತ್ತ, ‘ಅಣ್ಣನನ್ನು ಅವತ್ತೊಂದಿನ ಎಲ್ಲಾದರೂ ಕಳಿಸ್ತೇವೆ ದೊಡ್ಡಮ್ಮ’ ಅಂದೆಯಲ್ಲ, ಆಮೇಲೆ ನೀನು ಹೇಳಿದ್ದೇನೂ ನನ್ನ ಕಿವಿಗೆ ಬೀಳಲಿಲ್ಲ. ಎರಡು ರಾತ್ರಿ ನಿದ್ದೆಯಿಲ್ಲ. ನಿನ್ನಮ್ಮನ ಮೇಲೆ ಸಿಟ್ಟು ಬಂತು. ಅವಳ ಮಾತಿಗೆ ಹೂಂಗುಟ್ಟಿದ ನಿನ್ನ ಮೇಲೆ ಇನ್ನೂ ಹೆಚ್ಚು.

ನಮ್ಮ ಸೋದರಮಾವನನ್ನು ನೀನು ಫೋಟೋದಲ್ಲಿ ಮಾತ್ರ ನೋಡಿದ್ದೀಯ. 1980ರ ಫೆಬ್ರವರಿ 16, ಶನಿವಾರ. ಖಗ್ರಾಸ ಸೂರ್ಯಗ್ರಹಣದ ನೆರಳು ನಮ್ಮ ಅಂಕೋಲೆಯ ಮೇಲೇ ಹಾದುಹೋದ ದಿನ. ಊರಿಗೆ ಊರೇ ಕದ ಹಾಕಿಕೊಂಡು ಕೂತಿತ್ತು. ಮಾವ ಮಾತ್ರ ನನ್ನನ್ನೂ ನಿನ್ನಮ್ಮನನ್ನೂ ಹಿತ್ತಿಲಿಗೆ ಕರೆದೊಯ್ದ. ‘ಮೇಲೆ ನೋಡಬೇಡಿ, ಕಣ್ಣು ಹೋಗ್ತದೆ. ನೆಲ ನೋಡಿ’ ಅಂದ. ಹಲಸಿನ ಮರದಡಿ, ಎಲೆಗಳ ಸಂದಿಯಿಂದ ಬಿದ್ದ ಬಿಸಿಲಿನ ಚುಕ್ಕಿಗಳೆಲ್ಲ ಬಿದಿಗೆ ಚಂದ್ರನ ಹಾಗೆ ಬಾಗಿದ್ದವು. ನೂರಾರು! ‘ಒಂದೊಂದು ಸಂದಿಯೂ ಒಂದೊಂದು ಕ್ಯಾಮೆರಾ, ಗೊತ್ತುಂಟಾ?’ ಆಮೇಲೆ ಹಾಡಹಗಲೇ ಕತ್ತಲಾಯಿತು, ಕಾಗೆಗಳು ಗೂಡಿಗೆ ಹೊರಟವು. ನಾವು ಹೆದರಿ ಅವನ ಪಂಚೆ ಹಿಡಿದು ನಿಂತಿದ್ದೆವು. ನಾನು ವಿಜ್ಞಾನದ ಟೀಚರಾದದ್ದು ಆ ಹಲಸಿನ ಮರದಡಿಯೇ.

ಆ ಹೊತ್ತಿಗಾಗಲೇ ಮಾವನಿಗೆ ಬೇರೆ ಯಾರಿಗೂ ಕೇಳದ ದನಿಗಳು ಕೇಳತೊಡಗಿ ಮೂರು ವರ್ಷ. ಧಾರವಾಡದಲ್ಲಿ ಡಾಕ್ಟರು ಸ್ಕಿಜೋಫ್ರೇನಿಯಾ ಎಂದರು. ಊರವರು ಏನೆಂದರೆಂದು ಬರೆಯಲಾರೆ. ತಿಂಗಳಿಗೊಂದು ಇಂಜೆಕ್ಷನ್ ಶುರುವಾದ ಮೇಲೆ ದನಿಗಳು ತಗ್ಗಿದವು, ಆದರೆ ಕೈ ನಡುಗತೊಡಗಿತು. ರೇಡಿಯೊ ಬಿಚ್ಚಿ ಜೋಡಿಸುತ್ತಿದ್ದ ಕೈ ಅದು. ಅಲ್ಲಿಂದಾಚೆಗೆ ತಂತಿ ಹಿಡಿಯುವುದು ನಮ್ಮ ಕೆಲಸವಾಯಿತು, ಹೇಳಿಕೊಡುವುದು ಅವನದು.

1990ರಲ್ಲಿ ನಿನ್ನಪ್ಪನ ಕಡೆಯವರು ನಿನ್ನಮ್ಮನನ್ನು ನೋಡಲು ಬಂದ ದಿನ ಮಾವನನ್ನು ಸೌದೆ ಕೋಣೆಯಲ್ಲಿ ಕೂರಿಸಿ ಹೊರಗಿನಿಂದ ಚಿಲಕ ಹಾಕಿದರು ಎಂದು ಬರೆಯಹೊರಟೆ. ಹಾಕಿದವಳು ನಾನು. ಅವನು ಕೂಗಲಿಲ್ಲ, ಕದ ಬಡಿಯಲಿಲ್ಲ. ಸಂಜೆ ತೆಗೆದಾಗ ಅಂಗಿಯೆಲ್ಲ ಬೆವರಿನಲ್ಲಿ ತೊಯ್ದಿತ್ತು. ಕೇಳಿದ್ದು ಇಷ್ಟೇ: ‘ಹುಡುಗ ಏನಾದರೂ ಪ್ರಶ್ನೆ ಕೇಳಿದನಾ? ಪ್ರಶ್ನೆ ಕೇಳುವವನಾದರೆ ಕೊಡಿ.’

ಮದುವೆಗೂ ಅವನನ್ನು ಕರೆಯಲಿಲ್ಲ. ವರ್ಷದ ಮೇಲೆ ವಿಷಯ ತಿಳಿದಾಗ ನಿನ್ನಪ್ಪ ಜಗಳವಾಡಲಿಲ್ಲ. ಎರಡು ದಿನ ನಿನ್ನಮ್ಮನ ಹತ್ತಿರ ಮಾತು ಬಿಟ್ಟರು. ಆಮೇಲೆ ತಿಂಗಳು ತಿಂಗಳೂ ಬಸ್ಸಿನಲ್ಲಿ ಅರಬೈಲು ಘಟ್ಟ ಹತ್ತಿಸಿ ಮಾವನನ್ನು ಧಾರವಾಡಕ್ಕೆ ಕರೆದೊಯ್ದವರು ಅವರೇ. ಇವತ್ತು ಅವರಿದ್ದಿದ್ದರೆ ನಾನು ಈ ಕಾಗದ ಬರೆಯಬೇಕಿರಲಿಲ್ಲ.

ನಿರ್ಧಾರ ನಿನ್ನದು. ನಿನ್ನಮ್ಮನ ಹೆದರಿಕೆಯೂ ಸುಳ್ಳಲ್ಲ. ‘ವಂಶದಲ್ಲೇ ಇದೆ’ ಎಂದು ಬಂದವರು ಎದ್ದು ಹೋಗಬಹುದು. ಕೇಳಿದರೆ ಇದ್ದದ್ದು ಹೇಳು. ಅಣ್ಣನಿಗೆ ಈ ಕಾಯಿಲೆಯಿದ್ದರೆ ತಂಗಿಗೂ ಬರುವ ಸಾಧ್ಯತೆ ನೂರಕ್ಕೆ ಹತ್ತರ ಆಸುಪಾಸು, ಬಾರದಿರುವುದೇ ಹೆಚ್ಚು. ಇಷ್ಟು ಕೇಳಿಯೂ ಹೋಗುವವರು ಹೋಗಲಿ ಬಿಡು. ಆದರೆ ನಿನಗೆ ಸೈಕಲ್ ಕಲಿಸಿದವನನ್ನು, ದಿನಾ ಮಾತ್ರೆ ನುಂಗಿ ಇಷ್ಟು ಕಷ್ಟಪಟ್ಟು ಚೇತರಿಸಿಕೊಳ್ಳುತ್ತಿರುವವನನ್ನು ಬಚ್ಚಿಡುತ್ತೀಯಾ? ನಾಚಿಕೆಯಾಗಬೇಕು ನಿನಗೆ. ಕಾಯಿಲೆಯವರನ್ನು ಸರಪಳಿಯಲ್ಲಿ ಕಟ್ಟಬಾರದೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ‘ಅವತ್ತೊಂದಿನ ಎಲ್ಲಾದರೂ ಹೋಗಿರು’ ಎಂದು ಒಡಹುಟ್ಟಿದವಳೇ ಹೇಳಿದರೆ ಅವನು ಯಾವ ಕಾಯ್ದೆ ಹಿಡಿದು ಕೇಳಬೇಕು?

ಗದರಿದೆ, ಬೇಸರಿಸಬೇಡ ಮಗಳೇ. ನೀನೂ ಹೆದರಿದ್ದೀಯ, ಗೊತ್ತು. ಹುಡುಗನ ಮನೆಗೆ ಮೊದಲೇ ಫೋನು ಮಾಡಿ ಹೇಳುವುದು ಒಳ್ಳೆಯದು, ಬೇಕಾದರೆ ನಾನೇ ಮಾಡುತ್ತೇನೆ. ಆದರೆ ಎಷ್ಟು ಹೇಳಬೇಕೆಂದು ಅಣ್ಣನನ್ನೇ ಕೇಳು. ಜನರ ಗದ್ದಲ ಬೇಡವೆನಿಸಿದರೆ ಅವನಾಗಿಯೇ ಎದ್ದು ಒಳಗೆ ಹೋಗಿ ಕೂರಲಿ, ಕದ ತೆರೆದಿರಲಿ. ಮಾವನನ್ನು ನಾವು ಒಮ್ಮೆಯೂ ಕೇಳಲಿಲ್ಲ.

ಶನಿವಾರ ರಾತ್ರಿಯ ಬಸ್ಸಿಗೆ ಹೊರಡುತ್ತೇನೆ. ಕೇಸರಿಬಾತು ನಾನು ಬಂದು ಮಾಡುತ್ತೇನೆ. ತಟ್ಟೆ ಎಣಿಸಿಡುವಾಗ ಅಣ್ಣನದನ್ನೂ ಸೇರಿಸು.

ನಿನ್ನ,
ದೊಡ್ಡಮ್ಮ